ಚಳಿಗಾಲದ ಬಿಸಿಲಿಗೆ ಒಂದು ಸಾಲು

ಚಳಿ ಬಿದ್ದು ಮೂರನೇ ವಾರ, ಬೆಳಗಿನ ಒಂಬತ್ತು ಗಂಟೆ. ಅಚ್ಚಿನ ಮನೆಯ ಹಿಂಬದಿಯಲ್ಲಿ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಅಲ್ಲಿದ್ದ ಉದ್ದನೆಯ ಹಲಗೆಯ ಒಂದು ತುದಿಗೆ ಸೀಸದ ಅಚ್ಚುಮೊಳೆ ಜೋಡಿಸುವ ಮುದುಕ, ಇನ್ನೊಂದು ತುದಿಗೆ ಕರಡು ತಿದ್ದುವ ಅಕ್ಕ. ನಡುವೆ ಎರಡು ಲೋಟ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದ ಮೇಲೆ ಇಲ್ಲಿ ಅಚ್ಚಾಗುತ್ತಿದ್ದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸಕ್ಕೆ ಬಂದವಳು. ಮುದುಕನಿಗಿಂತ ನಾಲ್ಕು ವರ್ಷ ಚಿಕ್ಕವಳೇ, ಆದರೂ ಎಲ್ಲರಿಗೂ ಅಕ್ಕ. ಮುದುಕ ಓದಿದ್ದು ಎರಡನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳನ್ನು ಅವನು ಬೆರಳಿನಿಂದ ಬಲ್ಲ, ಅದೂ ತಲೆಕೆಳಗಾಗಿ, ಅರ್ಥದ ಗಂಧವಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುವುದು ತೊಟ್ಟಿಕ್ಕುವ ನಲ್ಲಿ ಒಂದೇ. ಹಾಗಾಗಿ ದಿನಾ ಹಲಗೆಯ ಮೇಲೆ ಕೂತು ಒಂದು ಪದದ ಅರ್ಥ ಕೇಳುವುದು ಅವನಿಗೆ ರೂಢಿಯಾಗಿತ್ತು.

"ಇವತ್ತು ಯಾವ ಪದ ಅಕ್ಕಾ, ಗಂಟಲಲ್ಲಿ ಸಿಕ್ಕಾಕೊಂಡಿರೋದು?"

"ಏಪ್ರಿಸಿಟಿ. ಚಳಿಗಾಲದ ಬಿಸಿಲು ಮೈಗೆ ಕೊಡೋ ಬಿಸುಪು."

ಮುದುಕ ತನ್ನ ಮಂಡಿ ನೋಡಿಕೊಂಡ. ಬಿಸಿಲು ಅಲ್ಲೇ ಕೂತಿತ್ತು. "ಇದೇನಾ?"

"ಇದೇ."

"ಅಯ್ಯೋ, ಹೆಸರೇ ಗೊತ್ತಿಲ್ದೆ ಇಷ್ಟು ದಿನ ಮೈ ಕಾಯಿಸ್ಕೊಂಡ್ನಲ್ಲ! ಎಳೆಬಿಸಿಲು ಅಂತ ಹಾಕಿಬಿಡಿ."

"ಅದು ಬಿಸಿಲಿನ ಹೆಸರು ಮಹಾರಾಯ, ಇದು ಬಿಸುಪಿಂದು. ಆದ್ರೇನು, ಕೈಬಿಡಬೇಕು."

ಆ ನಿಘಂಟಿಗೆ ಒಂದು ಕಟ್ಟುನಿಟ್ಟಿತ್ತು. ಅಪರೂಪದ ಪದಗಳ ಕೊನೆಯ ಭಾಗದಲ್ಲಿ, ಯಾರಾದರೂ ಬರೆದ ಅಚ್ಚಾದ ಪುಸ್ತಕದಿಂದ ಒಂದು ಸಾಲು ಸಿಕ್ಕಿದ ಪದಕ್ಕೆ ಮಾತ್ರ ಜಾಗ. ಅಕ್ಕ ನಾಲ್ಕು ತಿಂಗಳು ಹುಡುಕಿದ್ದಳು. ಅರ್ಥ ಕೊಟ್ಟವರು ಇದ್ದರು. ಕಥೆ ಕವಿತೆಯಲ್ಲಿ ಬಳಸಿದವರು ಅವಳಿಗೆ ಒಬ್ಬರೂ ಸಿಗಲಿಲ್ಲ. ಮಂಗಳವಾರ ಮೊಳೆಗಳನ್ನು ಬಿಗಿದು ಕೊನೆಯ ಪುಟ ಕಟ್ಟಬೇಕು. ಪುಟ ಕಟ್ಟಿದರೆ ಅಕ್ಕನ ಕೆಲಸವೂ ಮುಗಿಯಿತು. ದೂರದೂರಿನ ತಂಗಿಯ ಮನೆಗೆ ಹೊರಟಳೆಂದೇ ಲೆಕ್ಕ.

ಅವಳನ್ನು ಇರು ಎನ್ನಲು ಮುದುಕನಿಗೆ ಬಾಯಿಲ್ಲ. ಆ ಪದವಾದರೂ ಪುಸ್ತಕದಲ್ಲಿ ಉಳಿದರೆ ಈ ಹಲಗೆಯ ಗುರುತೊಂದು ಉಳಿದೀತು ಅಂದುಕೊಂಡ.

ಶನಿವಾರ ಊಟದ ಹೊತ್ತಿನಲ್ಲಿ ಅವನು ಮೊಳೆಪೆಟ್ಟಿಗೆಯ ಮುಂದೆ ನಿಂತದ್ದನ್ನು ಕಂಡು ಯಂತ್ರ ನಡೆಸುವವನು ಕೂಗಿದ, "ಏನಜ್ಜ, ಊಟ ಬಿಟ್ಟು ಸೀಸ ತಿಂತಿದೀಯಾ?"

"ನಿನ್ನ ಡಬ್ಬೀಲಿರೋದಕ್ಕಿಂತ ಮೆತ್ತಗಿದೆ, ಹೋಗೋ."

ಸೋಮವಾರ ಬೆಳಿಗ್ಗೆ ಅವನು ಅಕ್ಕನ ಕೈಗೆ ಒಂದು ಪುಸ್ತಕ ಕೊಟ್ಟ. ಅಂಗೈಯಗಲ, ನಾಲ್ಕೇ ಪುಟ, ನೀಲಿ ರಟ್ಟು, ನೂಲಿನ ಹೊಲಿಗೆ. ಒಳಗೆ ಒಂದೇ ಸಾಲು:

ಆ ಮುದುಕನ ಮನೆಯಲ್ಲಿ ವರ್ಷವೆಲ್ಲ ಚಳಿ; ಹಲಗೆಯ ಆ ತುದಿಗೆ ಒಬ್ಬರು ಬಂದು ಕೂತಾಗ ಮಾತ್ರ ಏಪ್ರಿಸಿಟಿ.

ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. "ಯಾರು ಬರೆದಿದ್ದು?"

"ಹೆಸರು ಹಾಕಿಲ್ಲ."

"ರಕಾರದ ಬಾಲ ಮುರಿದಿದೆಯಲ್ಲ. ಇದು ನಮ್ಮ ಪೆಟ್ಟಿಗೇದೇ."

ಮುದುಕ ಲೋಟದೊಳಗೆ ನೋಡುತ್ತಾ ಕೂತ. "ಅಚ್ಚಾಗಿದೆ, ಹೊಲಿದೂ ಇದೀನಿ. ಪುಸ್ತಕ ಅಲ್ವೇನಕ್ಕಾ?"

"ಪುಸ್ತಕವೇ. ಆದ್ರೆ ಬೇಕಾದ ಸಾಲು ನಾವೇ ಬರ್ಕೊಂಡು ಸಿಕ್ತು ಅಂದ್ರೆ, ಉಳಿದ ಪದಗಳನ್ನ ಯಾರು ನಂಬ್ತಾರೆ ಹೇಳು." ಪುಸ್ತಕ ಮುಚ್ಚುತ್ತಾ ಅವಳೇ ಅಂದಳು, "ಪದಾನ ಸರಿಯಾಗಿ ಬಳಸಿದೀಯ. ನಾನು ಕಲಿಸಿದ ಮಕ್ಕಳಲ್ಲಿ ಹೀಗೆ ಬಳಸಿದೋರು ಕಮ್ಮಿ."

ಅಷ್ಟು ಹೇಳಿ ಪುಸ್ತಕವನ್ನು ನಿಘಂಟಿನ ಕಾಗದಗಳ ಜೊತೆ ಇಡದೆ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಮಂಗಳವಾರ ಪುಟ ಕಟ್ಟುವ ಮುನ್ನ ಮುದುಕ ಆ ಪದವನ್ನು ತಾನೇ ಕಿತ್ತ. ಎಂಟು ಇಂಗ್ಲಿಷ್ ಅಕ್ಷರ. ಒಂದೊಂದನ್ನೂ ಪೆಟ್ಟಿಗೆಯಲ್ಲಿ ಅದರದರ ಮನೆಗೆ ಹಾಕಿದ; ಸೀಸ ತಣ್ಣಗಿತ್ತು. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಹಿಡಿದು ಹಿಂದಕ್ಕೆ ಬಂದ, ತನ್ನ ತುದಿಗೇ ಕೂತ. ಬಿಸಿಲು ಹಲಗೆಯ ಉದ್ದಕ್ಕೂ ಬಿದ್ದಿತ್ತು. ಮೊದಲ ಬಸ್ಸಿಗೇ ಅಕ್ಕ ಹೋಗಿದ್ದಳು. ಅವತ್ತು ಬುಧವಾರ.