ರೋಮಿನ ನೀರು

ಹೋಟೆಲಿನ ಕೋಣೆಯ ಬಾಗಿಲು ತೆರೆದುಕೊಂಡಾಗ ವೀರಬಸಮ್ಮನ ಎಡ ಅಂಗೈ ಮೇಲೆ ಲಿಂಗವಿತ್ತು. ಹಾಸಿಗೆಯ ಬಟ್ಟೆ ಬದಲಿಸುವ ಹೆಂಗಸು ಬೂಟುಗಾಲಲ್ಲೇ ಒಳಗೆ ಬಂದು, ಕಿಟಕಿಯ ಪರದೆ ಸರಿಸಿ, ನೆಲದ ಮೇಲೆ ಕೂತವಳನ್ನು ಕಂಡು ಏನೋ ಅಂದು ನಕ್ಕಳು. ವೀರಬಸಮ್ಮ ಲಿಂಗದ ಮೇಲೆ ಸೆರಗು ಮುಚ್ಚಿಕೊಂಡಳು. ಪರರ ಕಣ್ಣು ಬಿದ್ದು ಪೂಜೆ ಕೆಟ್ಟಿತು. ಕೆಳಗೆ ಬೀದಿಯಲ್ಲಿ ಊರು ತೋರಿಸುವ ಮೋಟಾರು ಕೂಗತೊಡಗಿತ್ತು.

"ಸಂಜೀಗೆ ಮಾಡ್ಕೊಳಾಕ ಬರ್ತೈತಿ, ಏಳು," ಎಂದ ಗಂಡ ಉರುಕುಂದಪ್ಪ.

ಅವನ ತಿಂಡಿ ಆಗಿತ್ತು. ಮುಂಬಯಿಯಲ್ಲಿ ಹಡಗು ಹತ್ತಿದಾಗಿನಿಂದ ಅವನ ಪೂಜೆಯೆಂದರೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಊಟದ ಮೇಜಿಗೆ ನಡೆಯುವುದು. ಅವಳು ಹಾಗಲ್ಲ. ಪೂಜೆಯಾಗದೆ ಒಂದು ಹನಿ ನೀರೂ ಬಾಯಿಗೆ ಹಾಕುವವಳಲ್ಲ.

ಉರುಕುಂದಪ್ಪ ನಾರಾಯಣಪೇಟೆಯ ಶೇಂಗಾ ವ್ಯಾಪಾರಿ. ಫ್ರಾನ್ಸಿನ ಮಾರ್ಸೇಲ್ಸಿನ ಎಣ್ಣೆ ಗಿರಣಿಯವರ ಜೊತೆ ಮಾತುಕತೆ ಮುಗಿಸಿ, ತಿರುಗಿ ಹೋಗುವಾಗ ರೋಮ್ ನೋಡಿಯೇ ಹೋಗಬೇಕೆಂದು ಹಟ ಹಿಡಿದಿದ್ದ. ಅಲ್ಲಿಯ ದೊಡ್ಡ ಇಗರ್ಜಿಯ ಗುಮ್ಮಟ ಹತ್ತಿ ಬರುತ್ತೇನೆಂದು ಪೇಟೆಯ ಅಂಗಡಿ ಅಂಗಡಿಯಲ್ಲೂ ಹೇಳಿದ್ದ. ತಹಸೀಲ್ದಾರ ಸಾಹೇಬರಿಗೂ ಹೇಳಿದ್ದ. ಇಂದು ಸಂಜೆಯೇ ಅವರ ರೈಲು. ಗುಮ್ಮಟ ಹತ್ತುವುದೊಂದು ಉಳಿದುಬಿಟ್ಟಿತ್ತು.

ಆದರೆ ಮೋಟಾರು ಮೊದಲು ಹೋದದ್ದು ಬಿದ್ದ ಗೋಡೆಗಳ ಕಡೆಗೆ. ಮಡಚಿದ ಕೊಡೆಯನ್ನು ಮೇಲೆತ್ತಿ ಹಿಡಿದ ಗೈಡು ಮುಂದೆ, ಹಿಂದೆ ಇಂಗ್ಲಿಷರು, ಅವರ ಹಿಂದೆ ಇವರಿಬ್ಬರು. ಕಂಬವೊಂದು ನಿಂತಿದ್ದರೆ ಅದರ ಕೆಳಗೆ ಎಲ್ಲರೂ ನಿಲ್ಲಬೇಕು. ಗೈಡಿನ ಮಾತನ್ನು ಉರುಕುಂದಪ್ಪ ತನಗೆ ತಿಳಿದಷ್ಟು ತಿಳಿಸಿ, ತಿಳಿಯದ್ದನ್ನು ತಾನೇ ಕೂಡಿಸಿ ಹೇಳುತ್ತಿದ್ದ.

"ನಮ್ಮ ಮಕ್ತಲದಾಗ ಬುರುಜು ಬಿದ್ರ ಕಲ್ಲು ಹೊತ್ಕೊಂಡು ಹೋಗಿ ಗ್ವಾಡಿ ಕಟ್ಕೊಂತಾರ," ಎಂದಳು ವೀರಬಸಮ್ಮ. "ಇವ್ರು ನೋಡಾಕ ಚೀಟಿ ಹರೀತಾರ."

ಹೊತ್ತೇರಿದಂತೆ ಅವಳ ನಡಿಗೆ ಸಣ್ಣದಾಯಿತು. ಅವನು ಕಿತ್ತಳೆ ಸುಲಿದು ಕೊಟ್ಟರೆ ಮುಖ ತಿರುಗಿಸಿದಳು. ಇಷ್ಟು ದೂರ ಕರೆತಂದು ತೋರಿಸಿದರೂ ಒಂದು ಒಳ್ಳೆ ಮಾತಿಲ್ಲವೆಂದು ಅವನು ಗೊಣಗಿದ. ಕರೆದುಕೊಂಡು ಹೋಗ್ರಿ ಅಂತ ತಾನು ಕೇಳಿರಲಿಲ್ಲವೆಂದು ಅವಳು. ಓಣಿಗೊಂದು ಕಡೆ ಗೋಡೆಯಿಂದ ನೀರು ಸುರಿಯುತ್ತಿತ್ತು, ಕೊಡ ಹಿಡಿಯುವವರಿಲ್ಲ. ಬೇಸಿಗೆಯಲ್ಲಿ ತವರು ಮಕ್ತಲದ ಬಾವಿಯ ತಳದವರೆಗೆ ಮೆಟ್ಟಿಲಿಳಿದು ನೀರು ಹೊತ್ತವಳು ಅದನ್ನು ನೋಡುತ್ತ, ಒಣಗಿದ ನಾಲಗೆಯಿಂದ ತುಟಿ ಸವರಿಕೊಂಡು ಮುಂದೆ ನಡೆಯುತ್ತಿದ್ದಳು.

ಮಧ್ಯಾಹ್ನ ಒಂದು ಚೌಕದಲ್ಲಿ ಗೈಡು ಮತ್ತೆ ಕೊಡೆ ಎತ್ತಿದ. ಇನ್ನು ಗುಮ್ಮಟಕ್ಕೇ. ಉರುಕುಂದಪ್ಪ ತಿರುಗಿ ನೋಡಿದರೆ ಹೆಂಡತಿ ಹಿಂದಿಲ್ಲ. ಕಲ್ಲಿನ ಸಿಂಹದ ಬಾಯಿಂದ ನೀರು ಬೀಳುವಲ್ಲಿ ಕೈಕಾಲು ಮುಖ ತೊಳೆದು, ಸಂಚಿಯಿಂದ ವಿಭೂತಿ ತೆಗೆದು, ಹಾಸುಗಲ್ಲಿನ ಮೇಲೆ ಕೂತುಬಿಟ್ಟಿದ್ದಳು.

"ಇಲ್ಲೇನು, ಹಾದ್ಯಾಗ? ಮೋಟಾರು ಹೊಂಟೈತಿ."

"ನೀವು ಹೋಗ್ರಿ. ಗುಮ್ಮಟ ಹತ್ತಿ ಬರ್ರಿ."

"ನಿನ್ನೊಬ್ಬಾಕಿನ್ನ ಬಿಟ್ಟು ಹೋಗಾಕ ಇದೇನು ಮಕ್ತಲ ಸಂತಿ ಏನು?"

"ಹಂಗಾರ ನಿಂದರ್ರಿ," ಎಂದು ಅವಳು ಕೊರಳ ಕರಡಿಗೆಯಿಂದ ಲಿಂಗ ತೆಗೆದಳು.

ಹೋಗುತ್ತಿದ್ದ ಜನ ನಿಂತರು. ಒಂದು ಕೂಸನ್ನು ಅಪ್ಪ ಹೆಗಲಿಗೇರಿಸಿ ತೋರಿಸಿದ. ಅವರದೇ ಮೋಟಾರಿನ ಇಂಗ್ಲಿಷನೊಬ್ಬ ಹಿಂದಕ್ಕೆ ಬಂದು, ಮೊಣಕಾಲೂರಿ, ಕ್ಯಾಮರಾವನ್ನು ಅವಳ ಅಂಗೈಗೇ ಗುರಿಯಿಟ್ಟ. ಅವಳು ಸೆರಗು ಮುಚ್ಚಿದಳು. ಅವನು ಕಾಯ್ದ. ತೆರೆದಳು. ಅವನು ಮತ್ತೆ ಬಾಗಿದ. ಮತ್ತೆ ಮುಚ್ಚಿಕೊಂಡಳು. ಗಂಡನ ಕಡೆ ಅವಳು ನೋಡಲಿಲ್ಲ.

ಗೈಡು ದೂರದಿಂದ ಕರೆದ. ಇನ್ನೊಮ್ಮೆ ಕರೆದ.

ಉರುಕುಂದಪ್ಪ ಥೂ ಎಂದ. ಯಾರಿಗೆಂದು ಅವನಿಗೇ ಗೊತ್ತಾಗಲಿಲ್ಲ. ಹೈದರಾಬಾದಿನಲ್ಲಿ ಹೊಲಿಸಿದ ಉದ್ದನೆಯ ಶೇರವಾನಿಯ ಗುಂಡಿಗಳನ್ನು ಮೇಲಿಂದ ಕೆಳಗಿನತನಕ ಬಿಚ್ಚಿ, ಬರೀ ಅಂಗಿಯಲ್ಲಿ ನಿಂತು, ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಅವಳಿಗೂ ಜನರಿಗೂ ನಡುವೆ ಹಿಡಿದ. ಕ್ಯಾಮರಾದವನು ಬಲಕ್ಕೆ ಸರಿದರೆ ತಾನೂ ಬಲಕ್ಕೆ ಸರಿದ.

ಮೋಟಾರು ಹೊರಟ ಸದ್ದಾಯಿತು. ಅವನು ಆ ಕಡೆ ಕತ್ತು ಹೊರಳಿಸಿದ, ತೋಳು ಹೊರಳಿಸಲಿಲ್ಲ. ಸುತ್ತಲಿನ ಜನ ಒಬ್ಬೊಬ್ಬರಾಗಿ ಬೇಸರಗೊಂಡು ಚದುರಿದರು. ವೀರಬಸಮ್ಮ ಅವಸರ ಮಾಡಲಿಲ್ಲ. ಅವನ ಭುಜ ನೋಯತೊಡಗಿತು.

ಎಷ್ಟೋ ಹೊತ್ತಿನ ಮೇಲೆ ಶೇರವಾನಿಯ ಆಚೆಯಿಂದ ಅವಳು ನೀರು ಕುಡಿಯುವ ಸದ್ದು ಕೇಳಿಸಿತು, ಬೊಗಸೆಯ ಮೇಲೆ ಬೊಗಸೆ.