ಕೊಂದ್ಕೊಂಡೆ

ಜೈಲಿನಿಂದ ಕರೆತಂದಿದ್ದ ಸುಮಿತ್ರಾ ಅಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ತಪ್ಪೊಪ್ಪಿಗೆ ಹೇಳಲೇಬೇಕೆಂಬ ಬಲವಂತವಿಲ್ಲ, ಹೇಳಿದ್ದು ನಿನಗೇ ಮುಳುವಾಗಬಹುದು ಎಂದು ಮ್ಯಾಜಿಸ್ಟ್ರೇಟ್ ಮೇಡಂ ಹಿಂದಿಯಲ್ಲಿ ಎಚ್ಚರಿಸಿದ್ದನ್ನು ಧಾರಿಣಿ ಕನ್ನಡದಲ್ಲಿ ತಿಳಿಸಿದಳು. ಆಗ ಸುಮಿತ್ರಾ ತಲೆ ಎತ್ತಿದಳು.

"ನನ್ ಕೂಸನ್ನ ನಾನೇ ಕೊಂದ್ಕೊಂಡೆ, ಅಕ್ಕಾ."

ಅದನ್ನು ಹಿಂದಿಗೆ ತಿರುಗಿಸಬೇಕಾದವಳು ಧಾರಿಣಿ. ಹಿಂದಿಯವರ ಈ ಊರಲ್ಲೇ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದು ಕಾನೂನು ಓದಿದವಳು. ಕನ್ನಡ ಬಲ್ಲವರು ಬೇಕೆಂದು ಕೋರ್ಟಿನವರು ಕರೆಸಿದ್ದರು. ವರ್ಷ ತುಂಬದ ಮಗುವನ್ನು ಕೊಂದ ತಾಯಿಗೆ ಇಂಗ್ಲೆಂಡಿನಲ್ಲಿ ಬೇರೆಯೇ ಕಾನೂನಿದೆ, ಇಲ್ಲಿ ಅದು ಬರೀ ಕೊಲೆ ಎಂದು ತನ್ನ ಪ್ರಬಂಧದಲ್ಲಿ ನುಣ್ಣಗೆ ಬರೆದಿದ್ದಳು. ಆದರೆ ಈಕೆ ಕೊಂದವಳೇ ಅಲ್ಲ. ಒಳಗೆ ಕರೆಯುವ ಮುಂಚೆ ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದ್ದಳು. ಮನೆಮನೆಯ ಅಡುಗೆ ಮುಗಿಸಿ ಬಂದವಳು ಚಳಿಗೆ ರಜಾಯಿ ಹೊದ್ದು, ಹಾಲೂಡಿಸುತ್ತಲೇ ನಿದ್ದೆ ಹೋಗಿದ್ದಳು. ಎಚ್ಚರವಾದಾಗ ಮಗುವಿಗೆ ಉಸಿರಿರಲಿಲ್ಲ. ಹೆಣ್ಣೆಂದು ಉಸಿರುಗಟ್ಟಿಸಿದಳು ಎಂದು ಗಂಡ ದೂರು ಕೊಟ್ಟಿದ್ದ.

"ಕ್ಯಾ ಬೋಲೀ?" ಮೇಡಂ ಕೇಳಿದರು.

"ತನ್ನನ್ನೇ ಹಳಿದುಕೊಳ್ಳುತ್ತಿದ್ದಾಳೆ, ಮೇಡಂ. ನಿದ್ದೆಯಲ್ಲಿ..."

"ಅಚ್ಛಾ, ಆದರೆ ಆಡಿದ ಮಾತೇನು? ಕೊಂದೆ ಅಂದಳೋ ಇಲ್ಲವೋ?"

"ಕೊಂದೆ ಅಲ್ಲ. ಕೊಂದ್ಕೊಂಡೆ."

ಹೇಗೆ ಅಂದರೇನು, ಕೂಸಂತೂ ಹೋಯಿತಲ್ಲ ಎಂದು ಟೈಪಿಸ್ಟ್ ಹಿಂದಿಯಲ್ಲಿ ನಕ್ಕ. "ಮಾರ್ ಡಾಲಾ, ಮಾರ್ ಲಿಯಾ, ಬಚ್ಚೀ ತೋ ಗಯೀ."

ಧಾರಿಣಿ ಆ 'ಕೊಂಡೆ'ಗೆ ಹಿಂದಿ ಹುಡುಕಿದಳು. ಕೈ ಸುಟ್ಕೊಂಡೆ, ಕಾಲು ಮುರ್ಕೊಂಡೆ, ಎಲ್ಲಾ ಕಳ್ಕೊಂಡೆ. ಏಟು ತಿಂದವರು ಆಡುವ ಮಾತು. ಹಿಂದಿಯಲ್ಲಿ ಏನೂ ಸಿಗಲಿಲ್ಲ.

"ಸುಮಿತ್ರಾ, ನಿದ್ದೆ ಬಂತು, ಗೊತ್ತಾಗ್ಲಿಲ್ಲ ಅಂತ ಹೇಳಮ್ಮ. ಹೊರಗೆ ಹೇಳಿದ್ಯಲ್ಲ, ಹಾಗೇ."

"ಹಾಗಂದ್ರೆ ಬಿಟ್ಬಿಡ್ತಾರಾ?"

"ಬಿಡಬಹುದು."

"ಬಿಟ್ರೆ ಎಲ್ಲಿಗೆ ಹೋಗ್ಲಿ? ನಿದ್ದೆ ಮಾಡಿದವ್ಳು ನಾನೇ ಅಲ್ವಾ? ಬರ್ಕೊಳ್ಳಲಿ ಬಿಡಿ."

"ಹೇಳಿಕೊಡಬೇಡಿ," ಎಂದರು ಮೇಡಂ.

ಟೈಪಿಸ್ಟ್ ಹಾಳೆ ತಂದಿಟ್ಟ. 'ನನ್ನ ಮಗುವನ್ನು ನಾನು ಕೊಂದೆ' ಎಂದು ಹಿಂದಿಯಲ್ಲಿತ್ತು. ಅನುವಾದ ಸರಿಯಾಗಿದೆಯೆಂದು ಧಾರಿಣಿ ಕೆಳಗೆ ಸಹಿ ಹಾಕಬೇಕು.

"ಇದು ಅವಳ ಮಾತಲ್ಲ, ಮೇಡಂ."

"ಸರಿಯಾದದ್ದು ನೀವೇ ಹೇಳಿ, ಬೇಟಾ."

ಮೇಡಂ ನಿಜವಾಗಿಯೂ ಕಾದರು. ಧಾರಿಣಿ ಸಹಿ ಹಾಕಲಿಲ್ಲ. ಪೆನ್ನು ಕೆಳಗಿಟ್ಟಳು.

ಬೇರೆ ದುಭಾಷಿಯನ್ನು ಕರೆಸಿ ಎಂದು ಮೇಡಂ ಮುಂದಿನ ತಾರೀಖು ಕೊಟ್ಟರು. ಅಲ್ಲಿಯವರೆಗೆ ಜೈಲು. ಮಹಿಳಾ ಪೇದೆ ರಟ್ಟೆ ಹಿಡಿದು ಎಬ್ಬಿಸಿದಾಗ ಸುಮಿತ್ರಾಳಿಗೆ ಏನಾಯಿತೆಂದು ತಿಳಿಯಲಿಲ್ಲ.

"ಮುಗೀತಾ, ಅಕ್ಕಾ?"

"ಇಲ್ಲ. ಇನ್ನೊಬ್ಬರು ಬರ್ತಾರೆ."

"ಅವ್ರ ಮುಂದೂ ಇದನ್ನೇ ಹೇಳ್ಬೇಕಾ?"

ಧಾರಿಣಿ ಹೂಂ ಎಂದು ತಲೆಯಾಡಿಸಿದಳು.