ಪುಟ್ಟಿಯ ನಕ್ಷತ್ರ

ಶಾಲೆಯಲ್ಲಿ ನಕ್ಷತ್ರ ನೋಡುವ ಕಾರ್ಯಕ್ರಮ ಮಾಡಿಯೇ ತೀರಬೇಕೆಂದು ವಿಜ್ಞಾನದ ಟೀಚರು ಹಟ ಹಿಡಿದ ಮೇಲೆ ಅವರ ಮನೆಯ ಹಜಾರ ಶಾಲೆಯ ಆಫೀಸೇ ಆಗಿಬಿಟ್ಟಿತು. ಕುರ್ಚಿಯ ಮೇಲೆ ಕಪ್ಪು ಬಟ್ಟೆಯ ರಾಶಿ, ಮೇಜಿನ ತುಂಬ ಟಾರ್ಚುಗಳು, ಅವುಗಳ ಬಾಯಿಗೆ ಸುತ್ತಲು ಕೆಂಪು ಕಾಗದ. ಟೀಚರ ಗಂಡ ಕೂರಲು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ. ಅವನ ತಂಗಿ ಪುಟ್ಟಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಕಿಟಕಿಗಳಿಗೆ ಪರದೆ ಹೊಲಿಯುತ್ತಿದ್ದಳು. ತಲೆಯಲ್ಲಿ ಬೆಳ್ಳಿಕೂದಲು ಇಣುಕಿದ್ದರೂ ಮನೆಗೂ ಬೀದಿಗೂ ಅವಳು ಪುಟ್ಟಿಯೇ.

"ಆಕಾಶ ನೋಡೋಕೆ ಇಷ್ಟೊಂದು ಪರದೆ ಯಾಕೆ ಅತ್ತಿಗೆ?"

"ಒಳಗಿನ ದೀಪ ಅಂಗಳಕ್ಕೆ ಬೀಳಬಾರದು ಕಣೇ. ಬೆಳಕಿದ್ರೆ ನಕ್ಷತ್ರ ಮುಖಾನೇ ತೋರಿಸಲ್ಲ."

"ನನ್ನ ಜಾತಿಯವೇ ಅನ್ನಿ," ಎಂದು ನಕ್ಕಳು ಪುಟ್ಟಿ.

ಆ ನಗುವಿನ ಹಿಂದೆ ಒಂದು ಕಥೆಯಿತ್ತು. ಪುಟ್ಟಿ ಹುಟ್ಟಿದ ವಾರವೇ ಗಾರೆ ಕೆಲಸದ ಅವಳ ಅಪ್ಪ, ಹೊಸ ಕಟ್ಟಡವೊಂದಕ್ಕೆ ಹಗ್ಗದಲ್ಲಿ ಬಿಗಿದಿದ್ದ ಮರದ ಸಾರುವೆಯಿಂದ ಬಿದ್ದು ತೀರಿಕೊಂಡಿದ್ದ. ಯಾರೋ ಹಿರಿಯರು ಲೆಕ್ಕ ಹಾಕಿ, ಕೂಸಿನ ನಕ್ಷತ್ರ ಕೆಟ್ಟದ್ದು, ತಂದೆಯನ್ನು ನುಂಗಿತು ಎಂದರು. ಅಲ್ಲಿಂದ ಶುರು. ಯಾರಾದರೂ ಊರಿಗೆ ಹೊರಟರೆ ಅವಳು ಎದುರು ಬರುವಂತಿಲ್ಲ. ಬಾಣಂತಿಯ ಕೋಣೆಗೆ ಕಾಲಿಡುವಂತಿಲ್ಲ. ಅವಳಿಂದ ಮದುವೆಯ ಬಟ್ಟೆ ಹೊಲಿಸಿಕೊಂಡವರು ಮದುವೆಗೆ ಮಾತ್ರ ಕರೆಯುತ್ತಿರಲಿಲ್ಲ. ಅವಳನ್ನು ನೋಡಲು ಬಂದ ಗಂಡಿನವರು ವಿಷಯ ಕಿವಿಗೆ ಬಿದ್ದೊಡನೆ ಚಪ್ಪಲಿ ಹುಡುಕುತ್ತಿದ್ದರು. ಹಾಗೆಂದು ಮನೆಯಲ್ಲಿ ಯಾರೂ ಅವಳನ್ನು ಒಂದು ದಿನವೂ ಬೈದವರಲ್ಲ. ಅಮ್ಮ ಬಿಸಿ ಅನ್ನ ಮೊದಲು ಅವಳಿಗೇ ಬಡಿಸುತ್ತಿದ್ದರು, ಈಗಲೂ ತಲೆ ಬಾಚುತ್ತಿದ್ದರು, ನೆಂಟರು ಬಂದಾಗ ಮೆಲ್ಲಗೆ, "ಒಳಗೇ ಇರು ಕಂದಾ, ನಿನ್ನ ಒಳ್ಳೇದಕ್ಕೇ" ಎನ್ನುತ್ತಿದ್ದರು. ಓದುಗರೇ, ಬೈದು ಕೂಡಿಹಾಕಿದರೆ ಬಾಗಿಲನ್ನಾದರೂ ಒದೆಯಬಹುದು. ಮುದ್ದು ಮಾಡಿ ಕೂಡಿಹಾಕಿದರೆ ಏನನ್ನು ಒದೆಯುವುದು?

ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಕಳಿಸಬೇಕಾದರೆ ಗೇಟಿನಲ್ಲಿ ಗುರುತಿನ ಹೆಂಗಸೊಬ್ಬರು ಇರಲಿ ಎಂದು ತಾಯಂದಿರು ಕೇಳಿದರು. ಶಾಲೆಯ ಯೂನಿಫಾರ್ಮ್ ಹೊಲಿಯುವ ಪುಟ್ಟಿಗೆ ಗೊತ್ತಿಲ್ಲದ ಮಗುವೇ ಇರಲಿಲ್ಲ.

"ಗೇಟಲ್ಲಿ ನೀನೇ ನಿಲ್ಲಬೇಕು," ಎಂದರು ಟೀಚರು.

ಅಮ್ಮ ಅಡುಗೆಮನೆಯಿಂದ ಧಾವಿಸಿ ಬಂದರು. "ಬೇಡಮ್ಮಾ. ಯಾವುದಾದ್ರೂ ಮಗು ಎಡವಿ ಬಿದ್ರೂ ಸಾಕು, ನನ್ನ ಮಗಳ ತಲೆಗೇ ಕಟ್ತಾರೆ."

"ಅತ್ತೆ, ಆ ವಾರ ಇನ್ನೆಷ್ಟು ಮಕ್ಕಳು ಹುಟ್ಟಿದ್ವೋ! ಅವರ ಅಪ್ಪಂದಿರೆಲ್ಲ ಸಾರುವೆಯಿಂದ ಬಿದ್ರಾ?"

"ನಿನಗೆ ಓದು ಗೊತ್ತು, ನನಗೆ ಜನ ಗೊತ್ತು."

ಪುಟ್ಟಿ ಹಲ್ಲಿನಲ್ಲಿ ದಾರ ಕಡಿದು ಕೇಳಿದಳು: "ಅತ್ತಿಗೆ, ಅವತ್ತು ನನ್ನ ನಕ್ಷತ್ರಾನೂ ತೋರಿಸ್ತೀರಾ?"

"ಈಗ ಸಂಜೆ ಹೊತ್ತು ಅದು ಕಾಣಿಸಲ್ಲ ಕಣೇ. ಇನ್ನೂ ಕೆಲವು ತಿಂಗಳು ಹೋಗಬೇಕು."

"ಅದಕ್ಕೂ ರಜೆ ಇದೆಯಾ? ನನಗೆ ಮಾತ್ರ ಒಂದು ದಿನಾನೂ ಸಿಗಲಿಲ್ಲವಲ್ಲ!"

ಅವಳು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು; ಕೈಯಲ್ಲಿದ್ದ ಕಪ್ಪು ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. ಅಮ್ಮ ಅದನ್ನು ನೋಡಿದರು.

ಸುದ್ದಿ ಬೀದಿಗೆ ಹಬ್ಬಿತು. ಔಷಧಿ ಅಂಗಡಿಯವರು ಪೋಷಕರ ಸಂಘಕ್ಕೆ ಅಧ್ಯಕ್ಷರು; ಕೆಟ್ಟ ಮನುಷ್ಯರಲ್ಲ. ಹೆಡ್‌ಮಾಸ್ಟರರನ್ನು ಜೊತೆಗೆ ಕರೆದುಕೊಂಡು ಮನೆಗೇ ಬಂದರು.

"ತಪ್ಪು ತಿಳ್ಕೋಬೇಡಿ ಟೀಚರ್. ಪುಟ್ಟಿ ಅಪ್ಪಟ ಚಿನ್ನ. ಆದ್ರೆ ಮಕ್ಕಳ ವಿಷಯ ನೋಡಿ, ಗೇಟಲ್ಲಿ ಬೇರೆ ಯಾರಾದ್ರೂ ನಿಲ್ಲಲಿ."

ಹೆಡ್‌ಮಾಸ್ಟರರು ತಮ್ಮ ಉಗುರು ನೋಡಿಕೊಂಡರು. ಕಾಫಿ ತಂದಿದ್ದ ಪುಟ್ಟಿ ಅಭ್ಯಾಸಬಲದಿಂದ ಒಳಗೆ ತಿರುಗಿದಳು. ಬಾಗಿಲವರೆಗೆ ಹೋದವಳು ಏನನ್ನಿಸಿತೋ, ಹಿಂದಿರುಗಿ ಬಂದು ಅತಿಥಿಗಳ ಎದುರಿನ ಕುರ್ಚಿಯಲ್ಲಿ ಕೂತಳು.

"ನಾನು ಒಳಗೆ ಹೋಗಲ್ಲ ಸರ್. ಗೇಟಲ್ಲೂ ನಾನೇ ನಿಲ್ತೀನಿ. ಬೇಡ ಅನ್ನೋರು ಮಕ್ಕಳನ್ನ ಕಳಿಸದಿರಲಿ." ಹಾಗೆಂದವಳು ಕುರ್ಚಿ ಬಿಟ್ಟು ಏಳಲಿಲ್ಲ.

ಅಂಗಡಿಯವರು ಸಹಾಯಕ್ಕೆಂದು ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮನ ಮುಖ ನೋಡಿದರು. "ನೀವಾದ್ರೂ ಹೇಳಿ."

"ಹೇಳ್ತೀನಿ," ಎಂದರು ಅಮ್ಮ. "ಅವತ್ತು ಸಾರುವೆಯ ಹಗ್ಗ ಲಡ್ಡು ಹಿಡಿದು ಕೊಳೆತಿತ್ತು. ಬದಲಾಯಿಸಿ ಅಂದ್ರೆ ಕಂಟ್ರಾಕ್ಟರ್ ಕೇಳ್ತಿಲ್ಲ ಅಂತ ಇವಳ ಅಪ್ಪಾನೇ ನನ್ನ ಹತ್ತಿರ ಹೇಳಿದ್ರು. ಕಂಟ್ರಾಕ್ಟರ್ ದೊಡ್ಡ ಮನುಷ್ಯ, ಅವನನ್ನ ಕೇಳೋಕೆ ಯಾರಿಗೂ ಧೈರ್ಯ ಬರಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸು ತಿರುಗಿ ಮಾತಾಡುತ್ತಾ? ಎಲ್ಲರೂ ಅದರ ತಲೆಗೆ ಕಟ್ಟಿದ್ರು. ಹೆತ್ತವಳು ನಾನೂ ಬಾಯಿ ಮುಚ್ಕೊಂಡಿದ್ದೆ."

ಬಂದವರಿಬ್ಬರೂ ಕಾಫಿ ಮುಟ್ಟದೆ ಎದ್ದು ಹೋದರು. ಪುಟ್ಟಿ ಅಮ್ಮನನ್ನೇ ನೋಡುತ್ತಿದ್ದಳು. ಸಿಟ್ಟೂ ಇತ್ತು, ಮರುಕವೂ ಇತ್ತು. ಯಾವುದು ಹೆಚ್ಚೆಂದು ಅವಳಿಗೇ ತಿಳಿಯಲಿಲ್ಲ.

ಕಾರ್ಯಕ್ರಮದ ಸಂಜೆ ಆಕಾಶ ತಿಳಿಯಾಗಿತ್ತು. ಪುಟ್ಟಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಔಷಧಿ ಅಂಗಡಿಯವರ ಮೊಮ್ಮಗಳು ಬರಲಿಲ್ಲ. ಇನ್ನೂ ಕೆಲವು ಮಕ್ಕಳು ಬರಲಿಲ್ಲ. ಬಂದವರೂ ಗೇಟಿನಿಂದ ಸ್ವಲ್ಪ ದೂರದಲ್ಲೇ ನಿಂತು, ಒಬ್ಬರು ಮುಂದೆ ಹೋಗಲೆಂದು ಇನ್ನೊಬ್ಬರು ಕಾಯುತ್ತಿದ್ದರು. ಆಗ ಅಮ್ಮ ಎಲ್ಲರನ್ನೂ ದಾಟಿ ಬಂದು ಮಗಳೆದುರು ನಿಂತರು.

"ಕಣ್ಣು ಸರಿಯಾಗಿ ಕಾಣಲ್ಲ ಕಣೇ. ಕೈ ಹಿಡಿದು ಕರ್ಕೊಂಡು ಹೋಗು."

ಪುಟ್ಟಿ ಕೈ ನೀಡಿದಳು. ಅಮ್ಮ ಅವಳ ಕೈಹಿಡಿದು ಗೇಟು ದಾಟಿದರು. ಹಿಂದೆಯೇ ತಾಯಿಯೊಬ್ಬಳು ತನ್ನ ಮಗಳನ್ನು ಮುಂದಕ್ಕೆ ತಂದಳು, "ಇವಳನ್ನೂ ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತ.